ರಾಯಭಾರ ಕಚೇರಿಗೂ ಮೀಮ್ ಹುಚ್ಚಾ?

ಪ್ರಶ್ನೆ: ರಾಯಭಾರ ಕಚೇರಿಗಳು ಟ್ವಿಟರ್‌ನಲ್ಲಿ ಹಬ್ಬದ ಶುಭಾಶಯ, ಮೀಮ್ ಎಲ್ಲ ಹಾಕ್ತಾ ಇರುತ್ತವಲ್ಲ ಸಾರ್, ಅವರಿಗೆ ಬೇರೆ ಕೆಲಸ ಇಲ್ವಾ?

ಉತ್ತರ: ಅದೂ ಕೆಲಸಾನೇ ಮಾರಾಯ್ರೇ! ಮೊದಲು ಪರದೇಶದ ಜನರನ್ನು ತಲುಪಬೇಕೆಂದರೆ ರೇಡಿಯೋ, ಪತ್ರಿಕೆ ಬೇಕಿತ್ತು. ಈಗ ಸೀದಾ ನಿಮ್ಮ ಫೋನಿಗೇ ಬರುತ್ತಾರೆ.

2011ರ ಡಿಸೆಂಬರ್‌ನಲ್ಲಿ ಅಮೆರಿಕ ಇರಾನಿನ ಜನರಿಗಾಗಿ ‘ವರ್ಚುವಲ್ ರಾಯಭಾರ ಕಚೇರಿ’ ತೆರೆಯಿತು. ಕಟ್ಟಡ ಇಲ್ಲ, ಕಾವಲುಗಾರ ಇಲ್ಲ, ಬರೀ ವೆಬ್‌ಸೈಟು. 1980ರಿಂದ ಎರಡೂ ದೇಶಗಳ ನಡುವೆ ರಾಜತಾಂತ್ರಿಕ ಸಂಬಂಧವೇ ಇಲ್ಲವಲ್ಲ, ಅದಕ್ಕೆ. ಇರಾನ್ ಕೂಡಲೇ ಅದನ್ನು ಬ್ಲಾಕ್ ಮಾಡಿತು. ಅಲ್ಲಿಗೆ ಮುಗೀತು ಅನ್ನಬೇಡಿ, ಬ್ಲಾಕ್ ಆದ ಸೈಟನ್ನೂ ಬಳಸುದಾರಿಯಲ್ಲಿ ತೆರೆಯೋಕೆ ವಿಪಿಎನ್ ಅಂತ ಒಂದಿದೆ.

ನನಗೆ ಜಾಸ್ತಿ ಇಷ್ಟವಾಗಿದ್ದು ಸ್ವೀಡನ್. ಅದೇ ತಿಂಗಳಿಂದ ಅವರು ದೇಶದ ಹೆಸರಿನ ಟ್ವಿಟರ್ ಖಾತೆಯನ್ನೇ ವಾರಕ್ಕೊಬ್ಬ ಸಾಮಾನ್ಯ ಪ್ರಜೆಯ ಕೈಗೆ ಕೊಡಲು ಶುರು ಮಾಡಿದರು. ಯಾರೋ ತಿಂಡಿ ಬಗ್ಗೆ ಬರೆದರು, ಯಾರೋ ರಾಜಕೀಯ. 2012ರಲ್ಲಿ ಒಬ್ಬಾಕೆ ಯಹೂದಿಗಳ ಬಗ್ಗೆ ಏನೇನೋ ಕೇಳಿ ದೊಡ್ಡ ಗಲಾಟೆಯೇ ಆಯಿತು. ಆದರೂ ನಿಲ್ಲಿಸಲಿಲ್ಲ, 2018ರವರೆಗೂ ನಡೆಸಿದರು. ಎಷ್ಟು ಸರ್ಕಾರಗಳಿಗೆ ಆ ಧೈರ್ಯ ಇದೆ ಹೇಳಿ?

ಇನ್ನು ಮೀಮ್. 2014ರಲ್ಲಿ ರಷ್ಯಾದ ಸೈನಿಕರು ಉಕ್ರೇನಿಗೆ ‘ದಾರಿ ತಪ್ಪಿ’ ಬಂದರು ಅನ್ನೋ ಸಬೂಬು ಕೇಳಿ, ನ್ಯಾಟೋ ಅನ್ನೋ ಪಾಶ್ಚಾತ್ಯ ದೇಶಗಳ ಸೇನಾ ಒಕ್ಕೂಟದಲ್ಲಿನ ಕೆನಡಾ ನಿಯೋಗ ಒಂದು ನಕ್ಷೆ ಹಾಕಿತು: ಇದು ರಷ್ಯಾ, ಇದು ರಷ್ಯಾ ಅಲ್ಲ. ಪ್ರಪಂಚ ಪೂರ್ತಿ ಹಂಚಿಕೊಂಡಿತು. ರಷ್ಯಾದವರು ಸುಮ್ನಿದ್ದಾರಾ? ಅದೇ ವರ್ಷ ಉಕ್ರೇನಿನಿಂದ ಕಿತ್ತುಕೊಂಡಿದ್ದ ಕ್ರಿಮಿಯಾವನ್ನು ತಮ್ಮದೆಂದು ತೋರಿಸಿ ತಮ್ಮದೂ ಒಂದು ನಕ್ಷೆ ಹಾಕಿದರು.