ದೀಪ ನೀರಿನ ಬಳಿ ಅಲ್ಲ, ತಿರುವಿನ ಬಳಿ

ಮುಂಬೈನ ಅಂಧೇರಿಯ ಓದುಗರೊಬ್ಬರು ಬರೆದಿದ್ದಾರೆ: ‘ಜೋರು ಮಳೆ ಬಂದರೆ ರೈಲು ಹಳಿಯ ಕೆಳಗೆ ಹಾಯುವ ಅಂಧೇರಿ ಸಬ್‌ವೇಗೆ ಹಗ್ಗ ಕಟ್ಟುವಷ್ಟರಲ್ಲಿ ನಾಲ್ಕು ರಿಕ್ಷಾ ಒಳಗೆ ಇಳಿದಾಗಿರುತ್ತದೆ. ನೀರೇರಿದ ಕೂಡಲೇ ತಾನಾಗಿ ದೀಪ ಹೊತ್ತಿ ಗೇಟು ಬೀಳುವಂತೆ ಮಾಡುವುದು ಅಷ್ಟು ಕಷ್ಟವೇ?’

ಕಷ್ಟವೇನಿಲ್ಲ. ಸಾಮಾನು ಮುಂಬೈನ ಎಲೆಕ್ಟ್ರಾನಿಕ್ಸ್ ಪೇಟೆ ಲ್ಯಾಮಿಂಗ್ಟನ್ ರೋಡಿನಲ್ಲೇ ಸಿಗುತ್ತದೆ. ಕೆಡುವುದು ಅದನ್ನು ಎಲ್ಲಿ ಇಡುತ್ತೇವೆ, ದೀಪವನ್ನು ಯಾವಾಗ ಆರಿಸುತ್ತೇವೆ ಎಂಬಲ್ಲಿ.

ಮೊದಲು ಅಳತೆ. ಹರಿಯುವ ನೀರು 30 ಸೆಂ.ಮೀ. ಇದ್ದರೆ ಸಣ್ಣ ಕಾರು ತೇಲಬಹುದು. 60 ಆದರೆ ದೊಡ್ಡ ಗಾಡಿಗೂ ಉಳಿಗಾಲವಿಲ್ಲ. ಆದ್ದರಿಂದ 15ಕ್ಕೆ ದೀಪ, 20ಕ್ಕೆ ಗೇಟು. ತಗ್ಗಿನ ಗೋಡೆಗೆ ನಾಲ್ಕು ಇಂಚಿನ ಪಿವಿಸಿ ಪೈಪು ನಿಲ್ಲಿಸಿ, ಬುಡದಲ್ಲಿ ತೂತು ಕೊರೆದು, ಒಳಗೆ 8, 15, 20 ಸೆಂ.ಮೀ. ಎತ್ತರದಲ್ಲಿ ಮೂರು ಫ್ಲೋಟ್ ಸ್ವಿಚ್ (ನೀರೇರಿದಾಗ ತೇಲಿ ತಾನಾಗಿ ಬದಲಾಗುವ ಸ್ವಿಚ್) ಕೂರಿಸಬೇಕು. ಗಾಡಿಗಳು ಎಬ್ಬಿಸುವ ಅಲೆ ಪೈಪಿನೊಳಗೆ ತಣ್ಣಗಾಗುತ್ತದೆ. ಆದರೆ ಗುಟ್ಕಾ ಚೀಟಿಯೂ ಕೆಸರೂ ಸೇರಿ ತೂತು ಕಟ್ಟಿದರೆ ಹೊರಗೆ ಮೊಣಕಾಲು ನೀರು, ಒಳಗೆ ಒಣ! ಮಳೆಗಾಲದಲ್ಲಿ ವಾರಕ್ಕೊಮ್ಮೆ ತೊಳೆಯಲೇಬೇಕು.

ಅದೊಂದನ್ನೇ ನಂಬುವಂತಿಲ್ಲ, ಮೇಲೆ, ಶಬ್ದದ ಅಲೆ ಕೆಳಗೆ ಕಳಿಸಿ ಅದು ಮರಳುವ ಹೊತ್ತಿನಿಂದ ದೂರ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಕೂಡ ಬೇಕು. ಅದರ ರೋಗ ಬೇರೆ: ಕೆಳಗೆ ಟೆಂಪೋ ಹಾದರೆ ಅದರ ತಲೆಯನ್ನೇ ನೀರು ಎಂದುಕೊಳ್ಳುತ್ತದೆ. ಒಂದು ನಿಮಿಷದ ಅಳತೆಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಂಡರೆ ಈ ತಪ್ಪು ತಪ್ಪುತ್ತದೆ. ಎರಡರಲ್ಲಿ ಯಾವುದೊಂದು ‘ನೀರಿದೆ’ ಎಂದರೂ ದೀಪ ಹೊತ್ತಲಿ. ಆರಬೇಕಾದರೆ ಎರಡೂ ಒಪ್ಪಬೇಕು, ನೀರು 8 ಸೆಂ.ಮೀ.ಗಿಂತ ಕೆಳಗಿಳಿದು ಹತ್ತು ನಿಮಿಷ ಅಲ್ಲೇ ನಿಂತಿರಬೇಕು. 15ರ ಗಡಿಯಲ್ಲೇ ಆರಿಸಿದರೆ ದೀಪ ಕಣ್ಣುಮುಚ್ಚಾಲೆ ಆಡುತ್ತದೆ. ಎರಡು ಸಲ ಸುಳ್ಳು ಹೇಳಿದ ದೀಪವನ್ನು ಮುಂಬೈ ರಿಕ್ಷಾದವ ಮೂರನೇ ಸಲ ನೋಡುವುದಿಲ್ಲ. ಸೆನ್ಸರ್ ಸತ್ತರೂ ವೈರು ತುಂಡಾದರೂ ದೀಪ ಉರಿಯುವಂತೆಯೇ ಜೋಡಿಸಬೇಕು.

ತೀರ್ಮಾನ ಸ್ಥಳದ ಪೆಟ್ಟಿಗೆಯದ್ದೇ ಆಗಬೇಕು, ದೂರದ ಸರ್ವರ್‌ನದ್ದಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿ.ಮೀ. ಸುರಿದಾಗ ಉಪನಗರಗಳಲ್ಲಿ ಕರೆಂಟೂ ಮೊಬೈಲೂ ಕೈಕೊಟ್ಟಿದ್ದವು. ಕಂಟ್ರೋಲ್ ರೂಮಿಗೆ ಎಸ್ಸೆಮ್ಮೆಸ್ ಹೋಗಲಿ, ಹೋಗದಿದ್ದರೂ ಗೇಟು ಬೀಳಲಿ. 10 ವಾಟ್‌ನ ಎರಡು ದೀಪ ಸರದಿಯಲ್ಲಿ ಮಿನುಗಿದರೆ ದಿನಕ್ಕೆ 12 ಗಂಟೆಯಂತೆ ಮೂರು ದಿನಕ್ಕೆ 360 ವಾಟ್-ಅವರ್ ಬೇಕು; 12 ವೋಲ್ಟ್, 42 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 504 ಇರುತ್ತದೆ. ಗೇಟಿನ ಮೋಟಾರಿಗೆ ಬೇರೆ ಬ್ಯಾಟರಿ. ಎರಡನ್ನೂ ಆಳೆತ್ತರಕ್ಕಿಂತ ಮೇಲೆ ಇಡಿ.

ಇನ್ನು ದೀಪದ ಜಾಗ. ಸಬ್‌ವೇ ಬಾಯಲ್ಲಿ ಹಾಕಿದರೆ ಹಿಂದೆ ಬಸ್ಸು, ಪಕ್ಕದಲ್ಲಿ ಬೈಕು. ಗಾಡಿ ತಿರುಗಿಸಲು ಜಾಗವೆಲ್ಲಿ? ಎಸ್.ವಿ. ರೋಡ್ ಕಡೆಯ ತಿರುವಿಗೂ ಮೊದಲೇ ‘ಸಬ್‌ವೇ ಬಂದ್, ವಿಲೇ ಪಾರ್ಲೆಯ ಕ್ಯಾಪ್ಟನ್ ಗೋರೆ ಫ್ಲೈಓವರ್ ಹಿಡಿಯಿರಿ’ ಎಂದು ಮರಾಠಿ, ಹಿಂದಿಯಲ್ಲಿ ಬೆಳಗಬೇಕು. ಗೇಟು ಒಳಹೋಗುವ ಅರ್ಧವನ್ನಷ್ಟೇ ಮುಚ್ಚಲಿ, ಒಳಗೆ ಸಿಕ್ಕವರು ಹೊರಬರಬೇಕಲ್ಲ.

ಮೇ ತಿಂಗಳಲ್ಲೇ ಪರೀಕ್ಷಿಸುವುದು ಸುಲಭ: ಪೈಪಿನ ತೂತುಗಳಿಗೆ ಹಳೆಯ ಸೈಕಲ್ ಟ್ಯೂಬು ಬಿಗಿದು ಮೇಲಿಂದ ಒಂದೂವರೆ ಲೀಟರ್ ನೀರು ಸುರಿಯಿರಿ. ದೀಪ ಹೊತ್ತಬೇಕು.