ಅಪ್ಪ ಅಪಘಾತದಲ್ಲಿ ತೀರಿಕೊಂಡರು, ಲಾರಿ ಮಾಲೀಕರ ಕಡೆಯವರು ರಾಜಿಗೆ ಕರೆಯುತ್ತಿದ್ದಾರೆ. ಒಪ್ಪಬಹುದಾ?

ಹೋದ ತಿಂಗಳು ದಾಸರಹಳ್ಳಿ ಹತ್ತಿರ ಲಾರಿ ಗುದ್ದಿ ನಿಮ್ಮ ತಂದೆಯವರು ಹೋಗಿಬಿಟ್ಟರು ಅಂತ ಬರೆದಿದ್ದೀರಿ. 48 ವರ್ಷ, ಮರಗೆಲಸ, ತಿಂಗಳಿಗೆ ಸುಮಾರು 18 ಸಾವಿರ ದುಡಿಮೆ. ನೀವೂ ತಂಗಿಯೂ ಇನ್ನೂ ಓದುತ್ತಿದ್ದೀರಿ. ಮಾಲೀಕರ ಕಡೆಯವರು 3 ಲಕ್ಷ ಕೊಟ್ಟು ಛಾಪಾ ಕಾಗದಕ್ಕೆ ಸಹಿ ಕೇಳುತ್ತಿದ್ದಾರೆ. ತಾಯಿಗೆ ಕೋರ್ಟು ಕಚೇರಿ ಬೇಡ ಅನ್ನಿಸಿದೆ.

ದಯವಿಟ್ಟು ಸಹಿ ಹಾಕಬೇಡಿ. ನಾನು ವಕೀಲನಲ್ಲ. ನಮ್ಮಣ್ಣ ಹೊಸೂರು ರಸ್ತೆಯಲ್ಲಿ ಹೀಗೇ ಹೋದಾಗ ಅತ್ತಿಗೆ ಜೊತೆ ಕೋರ್ಟಿಗೆ ಓಡಾಡಿದವನು.

ಮೊದಲು ಒಂದು ವಿಷಯ. ಇಲ್ಲಿ ಎರಡು ಕೇಸುಗಳಿವೆ. ಡ್ರೈವರ್ ಮೇಲಿನ ಕ್ರಿಮಿನಲ್ ಕೇಸನ್ನು ಪೊಲೀಸರು ನಡೆಸುತ್ತಾರೆ, ಅದು ಭಾರತೀಯ ನ್ಯಾಯ ಸಂಹಿತೆಯ 106ನೇ ಕಲಂ, ಅಂದರೆ ನಿರ್ಲಕ್ಷ್ಯದಿಂದ ಸಾವು. ಮನೆಯಲ್ಲಿ ಕೂತು ಮಾಡಿಕೊಂಡ ರಾಜಿಯಿಂದ ಅದು ಮುಗಿಯುವುದಿಲ್ಲ. ಪರಿಹಾರದ ಕೇಸು ಬೇರೆ, ಅದನ್ನು ನೀವೇ ಹಾಕಬೇಕು. ಲಾರಿಗೆ ವಿಮೆ ಇದ್ದರೆ ದುಡ್ಡು ಕೊಡುವುದು ವಿಮೆ ಕಂಪನಿ. ಹಾಗಿರುವಾಗ ಮಾಲೀಕರಿಗೆ ಇಷ್ಟು ಅವಸರ ಯಾಕೆ? ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಲಾರಿ ನಂಬರ್ ಹಾಕಿ, ಅಪಘಾತದ ದಿನ ವಿಮೆ ಚಾಲ್ತಿಯಲ್ಲಿತ್ತಾ ನೋಡಿ.

ಈಗ 3 ಲಕ್ಷದ ಮಾತು. ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳ ಮೇಲೆ ಪರಿಹಾರದ ಲೆಕ್ಕ ನಿಂತಿದೆ: 2009ರ ಸರಳಾ ವರ್ಮ, 2017ರ ಪ್ರಣಯ್ ಸೇಥಿ. ನಿಮ್ಮ ತಂದೆಯವರ ಲೆಕ್ಕ ಮಾಡೋಣ. 18,000ಕ್ಕೆ ಮುಂದಿನ ದುಡಿಮೆ ಅಂತ ಶೇ 25 ಸೇರಿಸಿದರೆ 22,500. ಅವಲಂಬಿತರು ಮೂರು ಜನ, ಹಾಗಾಗಿ ಅವರ ಸ್ವಂತ ಖರ್ಚಿಗೆ ಮೂರನೇ ಒಂದು ಪಾಲು ಕಳೆಯುತ್ತಾರೆ. ಉಳಿದದ್ದು 15,000, ವರ್ಷಕ್ಕೆ 1,80,000. ಇದನ್ನು ವಯಸ್ಸಿಗೆ ತಕ್ಕ ಒಂದು ಗುಣಕದಿಂದ ಗುಣಿಸುತ್ತಾರೆ, 48 ವರ್ಷಕ್ಕೆ ಅದು 13. ಒಟ್ಟು 23,40,000. ಇದರ ಮೇಲೆ ಅವರ ಆಸರೆ ಕಳೆದುಕೊಂಡದ್ದಕ್ಕೆ ನಿಮ್ಮ ಮೂವರಿಗೂ ತಲಾ 40 ಸಾವಿರ, ಅಂತ್ಯಕ್ರಿಯೆಗೆ 15 ಸಾವಿರ ಇತ್ಯಾದಿ. ಇವು 2017ರ ಮೊತ್ತಗಳು, ಮೂರು ವರ್ಷಕ್ಕೊಮ್ಮೆ ಶೇ 10 ಏರುತ್ತವೆ. ಅರ್ಜಿ ಹಾಕಿದ ದಿನದಿಂದ ಬಡ್ಡಿ ಬೇರೆ.

ಆದರೆ ಆ 18 ಸಾವಿರಕ್ಕೆ ದಾಖಲೆ ಬೇಕಲ್ವಾ? ಕೂಲಿ ಕೆಲಸಕ್ಕೆ ಸಂಬಳದ ಚೀಟಿ ಎಲ್ಲಿಂದ ಬರುತ್ತದೆ? ದಾಖಲೆ ಇಲ್ಲದಿದ್ದರೆ ನ್ಯಾಯಾಧೀಶರು ಅಂದಾಜು ಆದಾಯ ಹಿಡಿಯುತ್ತಾರೆ. 15 ಸಾವಿರ ಹಿಡಿದರು ಅಂದುಕೊಳ್ಳಿ, 23,40,000 ಅನ್ನುವುದು 19,50,000ಕ್ಕೆ ಇಳಿಯುತ್ತದೆ. ತಿಂಗಳ 3 ಸಾವಿರಕ್ಕೆ 3,90,000 ಹೋಯಿತು! ನಿಮ್ಮ ಶ್ರಮವೆಲ್ಲ ಇಲ್ಲಿಗೆ ಹಾಕಿ. ಫೋನ್‌ಪೇ ಜಮಾ, ಬ್ಯಾಂಕ್ ಪಾಸ್‌ಬುಕ್, ಕಟ್ಟುತ್ತಿದ್ದ ಚೀಟಿ, ಸಾಲದ ಕಂತು ಎಲ್ಲ ತೆಗೆದಿಡಿ. ಅಣ್ಣ ವೆಲ್ಡಿಂಗ್ ಕೆಲಸದವನು. ಅವನ ಮೇಸ್ತ್ರಿ ಹತ್ತಿರ ಉದ್ದನೆಯ ಲೆಕ್ಕದ ಪುಸ್ತಕ ಇತ್ತು. ಪ್ರತಿ ಶನಿವಾರ ಹೆಸರು, ದಿನ, ಬಟವಾಡೆ, ಪಕ್ಕದಲ್ಲಿ ಅಣ್ಣನ ಸಹಿ. ಟ್ಯಾಕ್ಸಿನವರು ಹಿಡಿಯುತ್ತಾರೆ ಅಂತ ಮೇಸ್ತ್ರಿಗೆ ಹೆದರಿಕೆ. ಅತ್ತಿಗೆಯೇ ಹೋಗಿ ಮಾತಾಡಿದ ಮೇಲೆ ಪುಸ್ತಕ ಹಿಡಿದುಕೊಂಡು ಸಾಕ್ಷಿಗೆ ಬಂದರು. ನಮ್ಮ ಕೇಸು ನಿಂತಿದ್ದು ಆ ಪುಸ್ತಕದ ಮೇಲೆ.

ವಕೀಲರ ವಿಚಾರದಲ್ಲಿ ಹುಷಾರು. ಶವಾಗಾರದ ಮುಂದೆಯೇ ವಿಸಿಟಿಂಗ್ ಕಾರ್ಡ್ ಕೊಡುವವರನ್ನು ನಂಬಬೇಡಿ. ಬಂದ ಪರಿಹಾರದಲ್ಲಿ ಇಷ್ಟು ಪರ್ಸೆಂಟ್ ನಮಗೆ ಅನ್ನುವ ಒಪ್ಪಂದಕ್ಕೆ ಬಾರ್ ಕೌನ್ಸಿಲ್ ನಿಯಮದಲ್ಲೇ ಅವಕಾಶ ಇಲ್ಲ. ಫೀಸು ಕೊಡಲು ಕಷ್ಟ ಅಂದರೆ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. ಹೆಂಗಸರಿಗೆ ಆದಾಯದ ಮಿತಿಯೇ ಇಲ್ಲದೆ ಉಚಿತ ವಕೀಲರು ಸಿಗುತ್ತಾರೆ. ಸಹಾಯವಾಣಿ 15100.

ತಾಯಿಯವರ ಮಾತು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಅತ್ತಿಗೆಯೂ "ಅವರ ಜೀವಕ್ಕೆ ರೇಟು ಕಟ್ಟಿಸ್ಕೊಳ್ಳೋಕೆ ನಾನು ಬರಲ್ಲ" ಅಂದಿದ್ದರು. ಇದು ಜೀವದ ಬೆಲೆ ಅಲ್ಲ, ನಿಮ್ಮ ಮತ್ತು ತಂಗಿಯ ಓದಿಗೆ ತಂದೆ ತರುತ್ತಿದ್ದ ದುಡಿಮೆ ಅಂತ ನಿಧಾನವಾಗಿ ಹೇಳಿ. ಅವರು ಎಲ್ಲ ವಾಯಿದೆಗೂ ಬರಬೇಕಿಲ್ಲ. ಮುಖ್ಯವಾಗಿ ಸಾಕ್ಷಿ ಹೇಳುವ ದಿನ ಬರಬೇಕು. ವಿಮೆ ಕಂಪನಿ ವಕೀಲರು ಪಾಟಿ ಸವಾಲಿನಲ್ಲಿ "ನಿಮ್ಮ ಗಂಡನದೇ ತಪ್ಪು" ಅಂತ ಕೇಳಿಯೇ ಕೇಳುತ್ತಾರೆ. ಅದನ್ನು ಮೊದಲೇ ತಿಳಿಸಿಡಿ. ಆ ದಿನ ನೀವು ಜೊತೆಗಿರಿ.

ರಾಜಿ ಬೇಕೇ ಬೇಕು ಅಂದರೆ ಕೇಸು ಹಾಕಿದ ಮೇಲೆ ಲೋಕ ಅದಾಲತ್‌ನಲ್ಲಿ ಮಾಡಿಕೊಳ್ಳಿ, ಲೆಕ್ಕ ಕೈಯಲ್ಲಿ ಹಿಡಿದು. ಅಲ್ಲಿ ಒಪ್ಪಿದರೆ ಮೇಲ್ಮನವಿ ಇಲ್ಲ, ಅದೂ ಗೊತ್ತಿರಲಿ.

ತಡ ಮಾಡಬೇಡಿ. 2022ರ ಏಪ್ರಿಲ್ 1ರಿಂದ ಮೋಟಾರು ವಾಹನ ಕಾಯ್ದೆಯಲ್ಲಿ ಪರಿಹಾರದ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. ಬೆಂಗಳೂರಿನಲ್ಲಿ ಈ ಅರ್ಜಿಗಳನ್ನು ಲಘು ವ್ಯಾಜ್ಯಗಳ ನ್ಯಾಯಾಲಯದಲ್ಲಿ ಕೇಳುತ್ತಾರೆ. ಈ ವಾರವೇ ಸಂಚಾರ ಠಾಣೆಗೆ ಹೋಗಿ ಎಫ್‌ಐಆರ್, ಮಹಜರು, ಸ್ಥಳದ ನಕ್ಷೆ, ಮರಣೋತ್ತರ ಪರೀಕ್ಷೆ ವರದಿ, ವಾಹನ ತಪಾಸಣೆ ವರದಿಗಳ ನಕಲು ಕೇಳಿ. ನಕ್ಷೆಯಲ್ಲಿ ತಂದೆಯವರು ರಸ್ತೆಯ ಯಾವ ಬದಿಯಲ್ಲಿದ್ದರು ಅಂತ ತೋರಿಸಿದ್ದಾರೆ, ಅದನ್ನು ಕಣ್ಣಾರೆ ನೋಡಿದವರ ಜೊತೆ ಕೂತು ಸರಿಯಿದೆಯಾ ನೋಡಿಕೊಳ್ಳಿ.