ಮಾತಾಡ್ಬೇಡ, ಮಳೆ ಶಬ್ದ ಕೇಳಿಸು ಅಂತಾರೆ

ಪ್ರಶ್ನೆ: ಅಕ್ಕಾ, ಮದುವೆಯಾಗಿ ಏಳು ವರ್ಷ. ಮನೆಯವರು ಆರು ವರ್ಷದಿಂದ ಶಾರ್ಜಾದಲ್ಲಿದ್ದಾರೆ, ಕಟ್ಟಡದ ಕೆಲಸ. ರಜೆ ವರ್ಷಕ್ಕೊಮ್ಮೆ, ಅದೂ ಏಪ್ರಿಲ್‌ನಲ್ಲಿ. ಉಳಿದ ದಿನ ಹೇಗೋ ಇರುತ್ತೇನೆ, ಮಳೆ ಹಿಡಿದರೆ ಮಾತ್ರ ಆಗುವುದಿಲ್ಲ. ಕರೆಂಟ್ ಹೋಗುತ್ತದೆ, ಅತ್ತೆ ಬೇಗ ಮಲಗುತ್ತಾರೆ, ನಾನು ಜಗಲಿಯಲ್ಲಿ ಕೂತು ಸುಮ್ನೆ ಅಳುತ್ತೇನೆ. ಮೊನ್ನೆ ಫೋನಿನಲ್ಲಿ ಎಲ್ಲ ಹೇಳಿಕೊಳ್ಳಬೇಕು ಅಂತಿದ್ದೆ. ಅವರು "ಸ್ವಲ್ಪ ಹೊತ್ತು ಮಾತಾಡ್ಬೇಡ, ಫೋನ್ ಹೊರಗೆ ಹಿಡಿ, ಮಳೆ ಶಬ್ದ ಕೇಳ್ಬೇಕು" ಅಂದರು. ನನಗಿಂತ ಮಳೆ ಜಾಸ್ತಿಯಾಯಿತಾ? ಊರಿನವರು "ತಿಂಗಳು ತಿಂಗಳು ದುಡ್ಡು ಬರುತ್ತಲ್ಲ, ನಿಂಗೆಂತ ಕಮ್ಮಿ?" ಅಂತಾರೆ.
— ಹೆಸರು ಬೇಡ, ಕುಂದಾಪುರ ತಾಲೂಕು

ಉತ್ತರ: ತಂಗೀ, ನಿಂಗೆಂತ ಕಮ್ಮಿ ಅಂತ ಕೇಳಿದವರಿಗೆ ನಾನೇ ಹೇಳುತ್ತೇನೆ, ಗಂಡ ಕಮ್ಮಿ. ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.

ಬೇಸಿಗೆಯಲ್ಲಿ ನಮ್ಮ ಕಡೆ ಮದುವೆ, ಜಾತ್ರೆ, ಯಕ್ಷಗಾನದ ಆಟ ಅಂತ ದಿನ ಹೋದದ್ದೇ ಗೊತ್ತಾಗುವುದಿಲ್ಲ. ಮೇ ಕೊನೆಗೆ ಮೇಳದವರೂ ಗೆಜ್ಜೆ ಬಿಚ್ಚುತ್ತಾರೆ. ಆಮೇಲೆ ಇರುವುದು ಮನೆ, ಮಳೆ, ಮತ್ತೆ ಮಳೆಗಾಲದ ಕೆಲಸ. ಹಂಚು ಸರಿ ಮಾಡಬೇಕು, ಜಗಲಿಗೆ ತೆಂಗಿನ ಮಡಲಿನ ತಟ್ಟಿ ಕಟ್ಟಬೇಕು, ಸೌದೆ ಒಳಗೆ ಒಟ್ಟಬೇಕು, ತೋಟದ ನೀರು ಹರಿಯುವ ಕಣಿ ಬಿಡಿಸಬೇಕು, ಇದರಲ್ಲಿ ಅರ್ಧ ಅವರು ಮಾಡಬೇಕಾಗಿದ್ದ ಕೆಲಸ ಅಲ್ವಾ? ಅದನ್ನು ಈಗ ನೀನೇ ಮಾಡುತ್ತೀಯ, ಇಲ್ಲವೇ ಕೂಲಿ ಕೊಟ್ಟು ಮಾಡಿಸುತ್ತೀಯ. ಒಂದೊಂದು ಕೆಲಸಕ್ಕೂ ಅವರ ನೆನಪು ಬಂದೇ ಬರುತ್ತದೆ.

ಇನ್ನು ಆ ಫೋನಿನ ಮಾತು. ರಜೆ ಏಪ್ರಿಲ್‌ನಲ್ಲಿ ಅಂದೆ. ಅಂದರೆ ಅವರು ಆರು ವರ್ಷದಿಂದ ಊರಿನ ಮಳೆಗಾಲ ಕಂಡಿಲ್ಲ. ನಿನ್ನ ಜಗಲಿಗೆ ಇರಚಲು ಹೊಡೆಯುವ ದಿನಗಳಲ್ಲಿ ಅಲ್ಲಿ 40 ಡಿಗ್ರಿ ದಾಟಿದ ಬಿಸಿಲು, ಜೂನ್ 15ರಿಂದ ಸೆಪ್ಟೆಂಬರ್ 15ರ ತನಕ ಮಧ್ಯಾಹ್ನ 12.30ರಿಂದ 3ರವರೆಗೆ ಬಯಲಲ್ಲಿ ಕೆಲಸ ಮಾಡಿಸಬಾರದು ಅಂತ ಅಲ್ಲಿನ ಸರ್ಕಾರವೇ ಕಾನೂನು ಮಾಡಿದೆ. ಬರೀ ಮಳೆ ಶಬ್ದ ಬೇಕಿದ್ದರೆ ಯೂಟ್ಯೂಬ್‌ನಲ್ಲಿ ಬೇಕಷ್ಟಿದೆ. ಅವರು ಕೇಳಿದ್ದು ನೀನಿರುವ ಮನೆಯ ಹಂಚಿನ ಮೇಲೆ ಬೀಳುವ ಮಳೆಯನ್ನು.

ನಮ್ಮವರು ಸೈನ್ಯದಲ್ಲಿದ್ದರು. 56 ಎ.ಪಿ.ಓ. ಅಂತ ಸೈನ್ಯದ ಅಂಚೆ ವಿಳಾಸ ಬರೆದು ಇನ್‌ಲ್ಯಾಂಡ್ ಪತ್ರ ಹಾಕುತ್ತಿದ್ದೆ. ಆರಿದ್ರಾ ಮಳೆ ಹೊಯ್ಯುತ್ತಿದೆ ಅಂತ ಬರೆದರೆ ಅವರ ಕೈ ಸೇರುವಾಗ ಇಲ್ಲಿ ಪುನರ್ವಸು ಹುಟ್ಟಿರುತ್ತಿತ್ತು, ಒಂದೊಂದು ಮಳೆಗೆ 13-14 ದಿನ ತಾನೆ. ಅವರ ಉತ್ತರದಲ್ಲಿ ಬಚ್ಚಲ ಮೂಲೆ ಸೋರುತ್ತಿದೆಯಾ, ಬಾವಿ ಎಷ್ಟು ತುಂಬಿತು, ಇದೇ ವಿಚಾರಣೆ. ನನ್ನ ಬಗ್ಗೆ ಒಂದು ಸಾಲಿಲ್ಲ ಅಂತ ಎಷ್ಟು ಕೋಪ ಮಾಡಿಕೊಂಡಿದ್ದೇನೋ. ಒಂದು ರಜೆಯಲ್ಲಿ ಅವರ ಟ್ರಂಕು ತೆಗೆದೆ. ನನ್ನ ಪತ್ರಗಳೆಲ್ಲ ಇದ್ದವು. ಮಳೆ ಬಗ್ಗೆ ಬರೆದವು ಮಾತ್ರ ಮಡಿಕೆಯಲ್ಲಿ ಹರಿದು ಹೋಗಿದ್ದವು, ತೆಗೆದು ತೆಗೆದು ಓದಿ.

ಅದಕ್ಕೇ ಹೇಳುತ್ತೇನೆ, ಕೇಳಿದಷ್ಟು ಮಳೆ ಕಳಿಸು. ಅಲ್ಲಿಗೆ ವಾಟ್ಸಾಪ್ ಕಾಲ್ ಹೋಗುವುದಿಲ್ಲ, ವಾಯ್ಸ್ ಮೆಸೇಜ್ ಹೋಗುತ್ತದಲ್ಲ. ಕರೆಂಟ್ ಹೋದ ಮೇಲೆ ರೆಕಾರ್ಡ್ ಮಾಡು, ಕಪ್ಪೆ ಕೂಗುವುದೂ ಬರಲಿ. ನಡುವೆ ನೀನೂ ಮಾತಾಡು. ಎಲ್ಲಿ ಕೂತಿದ್ದೀಯ, ಏನು ಉಂಡೆ, ಎಷ್ಟು ಹೊತ್ತು ಅತ್ತೆ, ಎಲ್ಲ ಹೇಳು. ಅಳುವುದನ್ನು ಅವರಿಂದ ಮುಚ್ಚಿಡಬೇಡ.

ಮುಂದಿನ ವರ್ಷ ರಜೆ ಆಸಾಡಿ ತಿಂಗಳಲ್ಲಿ, ಜುಲೈ-ಆಗಸ್ಟ್ ಮಳೆಯಲ್ಲಿ ಹಾಕಲು ಹೇಳು. ಆಗ ಅಲ್ಲಿ ಶಾಲೆಗಳಿಗೂ ರಜೆ, ಟಿಕೆಟ್ ದುಬಾರಿ, ಈಗಲೇ ಕೇಳಿಡಲಿ. ಹತ್ತೇ ದಿನ ಸಿಕ್ಕಿದರೂ ಬರಲಿ, ಆಸಾಡಿ ಅಮಾಸೆಯ ದಿನ ಹಾಲೆ ಮರದ ಕೆತ್ತೆಯ (ತೊಗಟೆಯ) ಕಹಿ ಕಷಾಯ ಕುಡಿದು ಮುಖ ಹಿಂಡಲಿ.

ಎರಡು ವಾರವಾದರೂ ನಿದ್ದೆ ಬಾರದೆ, ಊಟ ಸೇರದೆ ಇದ್ದರೆ, ಇಲ್ಲವೇ ಯಾವತ್ತಾದರೂ ಬದುಕೇ ಬೇಡ ಅನ್ನಿಸಿದರೆ ಮಾತ್ರ ಕಾಯಬೇಡ. 14416ಕ್ಕೆ ಫೋನ್ ಮಾಡು. ಟೆಲಿ ಮಾನಸ್ ಅಂತ, ಮನಸ್ಸಿನ ಕಷ್ಟಕ್ಕೆ ಸರ್ಕಾರದ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಇನ್ನೊಂದು. ನಿನ್ನ ಅತ್ತೆಗೂ ಅವರು ಮಗ. ಬೇಗ ಮಲಗುತ್ತಾರೆ ಅಂದೆಯಲ್ಲ, ನಿದ್ದೆ ಮಾಡುತ್ತಾರಾ ಅಂತ ಒಂದು ದಿನ ಹೋಗಿ ನೋಡು.